ಒಬ್ಬ ಆಟಗಾರ್ತಿಯ ಹೆಗಲಿಗೆ ಇಡೀ ದೇಶದ ಭಾರ

2016ರ ಅಕ್ಟೋಬರ್‌ನಲ್ಲಿ ದಕ್ಷಿಣ ಕೊರಿಯಾದ ಮಹಿಳಾ ಬಾಸ್ಕೆಟ್‌ಬಾಲ್ ಲೀಗ್ ಹೊಸ ಆಟಗಾರ್ತಿಯರ ಡ್ರಾಫ್ಟ್ ನಡೆಸಿತು. ಮೊದಲ ಆಯ್ಕೆಯ ಹಕ್ಕು ಯಾವ ತಂಡಕ್ಕೆ ಎಂಬುದನ್ನು ಯಂತ್ರದಿಂದ ಪುಟ್ಟ ಚೆಂಡು ಹೊರಬೀಳಿಸಿ ತೀರ್ಮಾನಿಸುವುದು ಅಲ್ಲಿನ ಪದ್ಧತಿ. ಬಿದ್ದ ಚೆಂಡು ಚಂಗ್‌ಜು ನಗರದ ಕೆಬಿ ಸ್ಟಾರ್ಸ್ ತಂಡದ್ದು ಎಂದು ಗೊತ್ತಾದದ್ದೇ ತಡ, ಆ ತಂಡದ ಕೋಚ್ ಆನ್ ದಕ್ ಸು ಮುಂದೆ ಬಂದು ನೆಲಕ್ಕೆ ಮಂಡಿಯೂರಿ, ತಲೆ ಬಾಗಿಸಿ ನಮಸ್ಕರಿಸಿಬಿಟ್ಟರು. ಕೊರಿಯಾದಲ್ಲಿ ಹಬ್ಬದ ದಿನ ಮನೆಯ ಹಿರಿಯರಿಗೆ ಸಲ್ಲುವ ದೊಡ್ಡ ನಮಸ್ಕಾರ ಅದು. ಆ ದಿನ ಅವರ ಪಾಲಿಗೆ ಒಲಿದು ಬಂದವಳು ಇನ್ನೂ ಹದಿನೆಂಟು ತುಂಬದ ಶಾಲಾ ಹುಡುಗಿ, ಪಾರ್ಕ್ ಜಿ ಸು.

ಅಲ್ಲಿಂದೀಚೆಗೆ ಜಿ ಸು ಮಾಡಿದ್ದು ಸಣ್ಣದಲ್ಲ. 2024ರ ಹೊತ್ತಿಗೆ ನಾಲ್ಕು ಸಲ ಲೀಗ್‌ನ ಶ್ರೇಷ್ಠ ಆಟಗಾರ್ತಿ. ಅದುವರೆಗೆ ಒಮ್ಮೆಯೂ ಚಾಂಪಿಯನ್ ಆಗದಿದ್ದ ಕೆಬಿ ಸ್ಟಾರ್ಸ್‌ಗೆ ಎರಡು ಪ್ರಶಸ್ತಿ. ಅಮೆರಿಕದ ಡಬ್ಲ್ಯುಎನ್‌ಬಿಎಯಲ್ಲಿ ಮೂರು ಋತು, ಒಂದು ಒಲಿಂಪಿಕ್ಸ್, ಏಷ್ಯನ್ ಗೇಮ್ಸ್‌ನಲ್ಲಿ ಒಂದು ಬೆಳ್ಳಿ, ಒಂದು ಕಂಚು. ಕೊರಿಯಾದ ಕ್ರೀಡಾಪುಟಗಳು ಅವರನ್ನು ರಾಷ್ಟ್ರದ ನಿಧಿ ಎಂದೇ ಕರೆಯುತ್ತ ಬಂದಿವೆ. ಆದರೆ ಆ ನಿಧಿಯನ್ನು ಜೋಪಾನ ಮಾಡಬೇಕಾದವರು ಜೋಪಾನ ಮಾಡಿದರೇ? ಇಲ್ಲ. ದಶಕಗಳಿಂದ ಕುಸಿಯುತ್ತಿದ್ದ ಒಂದು ವ್ಯವಸ್ಥೆ ತನ್ನ ಕೊರತೆಗಳನ್ನೆಲ್ಲ ಈ ಒಬ್ಬ ಆಟಗಾರ್ತಿಯ ಎತ್ತರದ ಹಿಂದೆ ಬಚ್ಚಿಟ್ಟುಕೊಂಡಿತು. ಅದರ ಬೆಲೆಯನ್ನು ಆಕೆ ತನ್ನ ಮೈಯಿಂದಲೂ ಮನಸ್ಸಿನಿಂದಲೂ ತೆರಬೇಕಾಯಿತು.

ಕುಸಿತದ ಮಾತು ಅರ್ಥವಾಗಬೇಕಾದರೆ ಕೊರಿಯಾ ಎಂಥ ಎತ್ತರದಲ್ಲಿತ್ತು ಎಂಬುದು ಗೊತ್ತಿರಬೇಕು. 1967ರಲ್ಲಿ ಪ್ರಾಗ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೊರಿಯಾದ ಮಹಿಳೆಯರು ಎರಡನೇ ಸ್ಥಾನ ಪಡೆದರು. ಟೂರ್ನಿಯ ಶ್ರೇಷ್ಠ ಆಟಗಾರ್ತಿಯಾಗಿ ಆಯ್ಕೆಯಾದವರು 176 ಸೆಂಟಿಮೀಟರ್ ಎತ್ತರದ ಸೆಂಟರ್ ಪಾರ್ಕ್ ಶಿನ್ ಜಾ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಪಾರ್ಕ್ ಚಾನ್ ಸುಕ್ ಅವರಿದ್ದ ತಂಡ ಬೆಳ್ಳಿ ಗೆದ್ದಿತು. 2000ದ ಸಿಡ್ನಿಯಲ್ಲಿ ನಾಲ್ಕನೇ ಸ್ಥಾನ. ಎತ್ತರದಲ್ಲಿ ಹಿಂದಿದ್ದರೂ ಓಟ, ಪಾಸ್, ದೂರದ ಶೂಟಿಂಗ್‌ಗಳಿಂದ ಯುರೋಪಿನ ಗಟ್ಟಿ ತಂಡಗಳ ಬೆವರಿಳಿಸುತ್ತಿದ್ದ ದೇಶ ಅದು. 2008ರ ಬೀಜಿಂಗ್ ಆದಮೇಲೆ ಒಲಿಂಪಿಕ್ಸ್ ಬಾಗಿಲೇ ಮುಚ್ಚಿತು. ಅಷ್ಟರಲ್ಲಿ ಜಪಾನ್ ಮುಂದೆ ಹೋಗಿತ್ತು, ಚೀನಾ ಇನ್ನಷ್ಟು ಎತ್ತರ ಬೆಳೆದಿತ್ತು, ಆಸ್ಟ್ರೇಲಿಯಾ ಏಷ್ಯಾದ ಸ್ಪರ್ಧೆಗಳಿಗೇ ಕಾಲಿಟ್ಟಿತು.

ಜಿ ಸು ಕಾಣಿಸಿಕೊಂಡದ್ದು ಇಂಥ ಬರಗಾಲದಲ್ಲಿ. ತಂದೆ ಬಾಸ್ಕೆಟ್‌ಬಾಲ್ ಆಟಗಾರ, ತಾಯಿ ವಾಲಿಬಾಲ್ ಆಟಗಾರ್ತಿ. ಹುಡುಗಿ ಆರಡಿ ಐದಂಗುಲದ ಹತ್ತಿರ ಬೆಳೆದಳು. ಎತ್ತರ ಮಾತ್ರವಲ್ಲ, ಮೃದುವಾದ ಕೈ, ಮೈದಾನವನ್ನು ಓದಬಲ್ಲ ಕಣ್ಣು, ಪಾಸ್ ಕೊಡುವ ಜಾಣ್ಮೆ ಎಲ್ಲವೂ ಇದ್ದವು. 2014ರಲ್ಲಿ, ಇನ್ನೂ ಹದಿನೈದರ ಪ್ರಾಯದಲ್ಲಿ, ರಾಷ್ಟ್ರೀಯ ತಂಡಕ್ಕೆ ಆಯ್ಕೆಯಾದಳು. ಅಷ್ಟು ಎಳೆಯ ವಯಸ್ಸಿನಲ್ಲಿ ಅದಕ್ಕೆ ಮೊದಲು ಯಾರೂ ಆ ಜೆರ್ಸಿ ತೊಟ್ಟಿರಲಿಲ್ಲ. ಆ ವರ್ಷ ಇಂಚಿಯಾನ್ ಏಷ್ಯನ್ ಗೇಮ್ಸ್ ಮತ್ತು ಟರ್ಕಿಯ ವಿಶ್ವ ಚಾಂಪಿಯನ್‌ಷಿಪ್ ಒಂದೇ ಹೊತ್ತಿಗೆ ಬಂದಿದ್ದವು. ಕೊರಿಯಾ ಎರಡು ತಂಡ ಕಟ್ಟಿತು. ಅನುಭವಿಗಳು ಊರಲ್ಲೇ ಉಳಿದು ಚೀನಾವನ್ನು ಸೋಲಿಸಿ ಚಿನ್ನ ಗೆದ್ದರು, ಕಿರಿಯರು ಟರ್ಕಿಗೆ ಹೋಗಿ ಪಾಠ ಕಲಿತು ಬಂದರು. ಹದಿನೈದರ ಜಿ ಸು ಆ ಕಿರಿಯರ ಗುಂಪಿನಲ್ಲಿದ್ದಳು. ನಂತರದ ವರ್ಷಗಳಲ್ಲಿ ಅಧಿಕಾರಿಗಳು ಮರೆತುಬಿಟ್ಟ ಒಂದು ಒಳ್ಳೆಯ ನಿರ್ಧಾರ ಅದು.

ಬೆಂಗಳೂರಿಗೂ ಆಕೆಯ ಕಥೆಯಲ್ಲಿ ಒಂದು ಪುಟವಿದೆ. 2017ರ ಜುಲೈನಲ್ಲಿ ಮಹಿಳಾ ಏಷ್ಯಾ ಕಪ್ ಬೆಂಗಳೂರಿನಲ್ಲಿ ನಡೆಯಿತು. ನಮ್ಮವರಿಗೆ ಆ ಟೂರ್ನಿ ನೆನಪಿರುವುದು ಬಿ ಡಿವಿಷನ್ ಫೈನಲ್‌ಗಾಗಿ. ಭಾರತ 75-73ರಿಂದ ಕಜಕಸ್ತಾನವನ್ನು ಮಣಿಸಿ ಮೇಲಿನ ದರ್ಜೆಗೆ ಏರಿತು. ಅದೇ ವಾರ ಎ ಡಿವಿಷನ್‌ನಲ್ಲಿ ಹದಿನೆಂಟರ ಜಿ ಸು ಕೊರಿಯಾದ ಬುಟ್ಟಿ ಕಾಯುತ್ತಿದ್ದಳು. ಕೊರಿಯಾ ಕ್ವಾರ್ಟರ್ ಫೈನಲ್‌ನಲ್ಲಿ ನ್ಯೂಜಿಲೆಂಡ್ ತಂಡವನ್ನು ದಾಟಿ, ಕೊನೆಗೆ ನಾಲ್ಕನೇ ಸ್ಥಾನಕ್ಕೆ ನಿಂತು ವಿಶ್ವಕಪ್ ಟಿಕೆಟ್ ಪಡೆಯಿತು. ಆಸ್ಟ್ರೇಲಿಯಾ, ಜಪಾನ್, ಚೀನಾ ಮೂರೂ ಕೊರಿಯಾವನ್ನು ಸೋಲಿಸಿದ್ದವು. ಅಂತರ ಎಷ್ಟಿದೆ ಎಂಬುದು ಬೆಂಗಳೂರಿನಲ್ಲಿ ಬಟಾಬಯಲಾಯಿತು. ಬಾಸ್ಕೆಟ್‌ಬಾಲ್ ಸಂಸ್ಥೆ ಅದರಿಂದ ಕಲಿಯಬೇಕಿದ್ದ ಪಾಠ ಇನ್ನಷ್ಟು ಎತ್ತರದ ಹುಡುಗಿಯರನ್ನು ಹುಡುಕಿ ಬೆಳೆಸುವುದು. ಆದದ್ದು, ಜಿ ಸು ಇನ್ನಷ್ಟು ನಿಮಿಷ ಆಡುವುದು.

ಆಗ ಕೊರಿಯಾದ ಲೀಗ್ ಹೇಗಿತ್ತು, ಈಗಲೂ ಹೇಗಿದೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಇರುವುದು ಆರೇ ತಂಡ. ಆರೂ ಹಣಕಾಸು ಸಂಸ್ಥೆಗಳ ತಂಡಗಳು: ಕೆಬಿ, ವೂರಿ, ಶಿನ್‌ಹಾನ್, ಹಾನಾ, ಬಿಎನ್‌ಕೆ ಬ್ಯಾಂಕಿಂಗ್ ಸಮೂಹಗಳು, ಜೊತೆಗೆ ವಿಮಾ ಕಂಪನಿ ಸ್ಯಾಮ್‌ಸಂಗ್ ಲೈಫ್. ಆರು ತಂಡ ಎಂದರೆ ವರ್ಷವಿಡೀ ಅದೇ ಐದು ಎದುರಾಳಿಗಳು, ಅದೇ ಮುಖಗಳು. ಜಿ ಸು ಯಾವ ಭುಜದಿಂದ ತಿರುಗುತ್ತಾರೆ, ಯಾವ ಕೋನದಲ್ಲಿ ಚೆಂಡು ಕೇಳುತ್ತಾರೆ ಎಂಬುದು ಲೀಗ್‌ನ ಪ್ರತಿ ಡಿಫೆಂಡರ್‌ಗೂ ಬಾಯಿಪಾಠ. ಮೊದಲು ತಂಡಗಳಲ್ಲಿ ವಿದೇಶಿ ಆಟಗಾರ್ತಿಯರು ಇರುತ್ತಿದ್ದರಿಂದ ಭಾರ ಒಂದಿಷ್ಟು ಹಂಚಿಹೋಗುತ್ತಿತ್ತು. ಕೊರೊನಾ ಕಾಲದಲ್ಲಿ, 2020-21ರ ಋತುವಿನಿಂದ, ವಿದೇಶಿ ಆಟಗಾರ್ತಿಯರನ್ನು ನಿಲ್ಲಿಸಲಾಯಿತು. ಅಲ್ಲಿಂದ ಬುಟ್ಟಿಯ ಕೆಳಗೆ ಜಿ ಸು ಒಂಟಿ.

ಆ ಒಂಟಿತನ ಹೇಗಿರುತ್ತದೆ ಎಂಬುದು ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗದೆ ಬುಟ್ಟಿಯ ಕೆಳಗಿನ ಬಣ್ಣದ ಚೌಕದ ಮೇಲೇ ನಿಂತ ಕ್ಷಣಗಳಲ್ಲಿ ಕಾಣುತ್ತದೆ. ಗಾರ್ಡ್ ಚೆಂಡು ಪುಟಿಸುತ್ತ ಅರ್ಧಗೆರೆ ದಾಟುವ ಮುಂಚೆಯೇ ಒಬ್ಬ ಡಿಫೆಂಡರ್ ಜಿ ಸು ಅವರ ಸೊಂಟಕ್ಕೆ ಮೊಣಕೈ ಊರಿ ಹಿಂದಿನಿಂದ ತಳ್ಳುತ್ತಿರುತ್ತಾಳೆ. ಇನ್ನೊಬ್ಬಳು ಮುಂದೆ ನಿಂತು ಪಾಸ್ ಬರುವ ದಾರಿಗೆ ಕೈ ಚಾಚಿರುತ್ತಾಳೆ. ಚೆಂಡು ಮೇಲಿಂದ ಬಂದರೆ ಮೂರನೆಯವಳು ಕೆಳಗಿನಿಂದ ಕೈ ಹಾಕಿ ಕಸಿಯುತ್ತಾಳೆ. ಇಪ್ಪತ್ತು ಸೆಂಟಿಮೀಟರ್ ಕುಳ್ಳಗಿರುವವರು ಆರಡಿ ಐದಂಗುಲದವಳನ್ನು ತಡೆಯಬೇಕಾದರೆ ತೋಳು ಹಿಡಿದು ಜಗ್ಗದೆ ಬೇರೆ ದಾರಿಯಿಲ್ಲ. ಎತ್ತರದವರಿಗೆ ಅಷ್ಟು ಪೆಟ್ಟು ಸಹಜ ಎಂಬ ಭಾವನೆ ರೆಫರಿಗಳಲ್ಲೂ ಪ್ರೇಕ್ಷಕರಲ್ಲೂ ಇರುತ್ತದೆ. ಸೀಟಿ ಮೊಳಗದಿದ್ದಾಗ ಜಿ ಸು ಮುಖ ಗಂಟಿಕ್ಕಿಕೊಂಡು ಎರಡೂ ಕೈ ಚೆಲ್ಲಿ ನಿಲ್ಲುತ್ತಾರೆ. ಮರುದಿನ ಸುದ್ದಿಯಾಗುವುದು ಆ ಮುಖಭಾವ. ಜಗ್ಗಿದ ತೋಳಿನ ಬಗ್ಗೆ ಯಾರೂ ಬರೆಯುವುದಿಲ್ಲ.

2018ರಲ್ಲಿ ಹತ್ತೊಂಬತ್ತು ವರ್ಷದ ಜಿ ಸು ಹೇಗೆ ಬದುಕಿದರು ಎಂಬುದನ್ನು ಕ್ಯಾಲೆಂಡರ್ ಹಿಡಿದು ಓದಿದರೆ ಇಡೀ ಸಮಸ್ಯೆ ಕಣ್ಣಿಗೆ ಕಟ್ಟುತ್ತದೆ. ಮಾರ್ಚ್‌ನಲ್ಲಿ ಕೊರಿಯಾ ಲೀಗ್‌ನ ಫೈನಲ್. ಕೆಬಿ ಸ್ಟಾರ್ಸ್ ಮೂರೂ ಪಂದ್ಯ ಸೋತು ವೂರಿ ಬ್ಯಾಂಕ್‌ಗೆ ಪ್ರಶಸ್ತಿ ಬಿಟ್ಟುಕೊಟ್ಟಿತು. ಏಪ್ರಿಲ್‌ನಲ್ಲಿ ಡಬ್ಲ್ಯುಎನ್‌ಬಿಎ ಡ್ರಾಫ್ಟ್; ಮಿನೆಸೋಟಾ ಲಿಂಕ್ಸ್ 17ನೆಯವರಾಗಿ ಆಯ್ಕೆ ಮಾಡಿ ಹಕ್ಕನ್ನು ಲಾಸ್ ವೇಗಸ್ ಏಸಸ್‌ಗೆ ವರ್ಗಾಯಿಸಿತು. ಮೇನಿಂದ ಆಗಸ್ಟ್‌ವರೆಗೆ ಅಮೆರಿಕದ ಉದ್ದಗಲಕ್ಕೂ ವಿಮಾನ ಪ್ರಯಾಣ, ಪಂದ್ಯಗಳು. ಋತು ಮುಗಿದ ಕೆಲವೇ ದಿನಗಳಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್. ಸೆಪ್ಟೆಂಬರ್ 1ರಂದು ಅಲ್ಲಿ ಫೈನಲ್. ಅದೇ ತಿಂಗಳ ಕೊನೆಗೆ ಸ್ಪೇನ್‌ನ ಟೆನೆರಿಫೆಯಲ್ಲಿ ವಿಶ್ವಕಪ್. ನವೆಂಬರ್ ಮೊದಲ ವಾರಕ್ಕೆ ಕೊರಿಯಾ ಲೀಗ್ ಮತ್ತೆ ಶುರು. ಮೂರು ಖಂಡ, ನಾಲ್ಕು ಸ್ಪರ್ಧೆ, ಇನ್ನೂ ಎಲುಬು ಗಟ್ಟಿಯಾಗುತ್ತಿದ್ದ ಒಂದು ದೇಹ. ಯಾವುದಾದರೂ ಒಂದನ್ನು ಬಿಡು ಎಂದು ಹೇಳುವ ಹಿರಿಯರು ಆ ವರ್ಷ ಸುತ್ತ ಇದ್ದಿದ್ದರೆ!

ಲಾಸ್ ವೇಗಸ್‌ನ ಅಧ್ಯಾಯವನ್ನು ಕೊರಿಯಾದಲ್ಲಿ ಕೆಲವರು ಸೋಲೆಂದು ಬರೆಯುತ್ತಾರೆ. ಅಂಕಿಗಳನ್ನಷ್ಟೇ ನೋಡಿದರೆ ಹಾಗೆ ಕಾಣಬಹುದು: ಮೊದಲ ಋತುವಿನಲ್ಲಿ ಪಂದ್ಯಕ್ಕೆ ಸುಮಾರು 13 ನಿಮಿಷ, ಸರಾಸರಿ 2.8 ಅಂಕ, 3.3 ರೀಬೌಂಡ್. ಮುಂದಿನ ಋತುಗಳಲ್ಲಿ ಅವಕಾಶ ಇನ್ನೂ ಕಡಿಮೆಯಾಯಿತು. ಆದರೆ ಅಂದಿನ ಏಸಸ್ ಯಾವ ತಂಡ ಎಂಬುದನ್ನು ಮರೆಯಬಾರದು. ಅದೇ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆಯಾಗಿ ಬಂದು ಮುಂದೆ ಲೀಗ್‌ನ ಅತ್ಯಂತ ದೊಡ್ಡ ತಾರೆಯಾದ ಏಜಾ ವಿಲ್ಸನ್ ಅಲ್ಲಿದ್ದರು. ಕೋಚ್ ಬಿಲ್ ಲೇಂಬಿಯರ್ ತಮ್ಮ ಆಟದ ದಿನಗಳಲ್ಲಿ ಬುಟ್ಟಿಯ ಕೆಳಗಿನ ಒರಟು ಕಾಳಗಕ್ಕೆ ಹೆಸರಾದವರು. 2003ರಲ್ಲಿ ಸಿಯಾಟಲ್ ಸ್ಟಾರ್ಮ್ ಸೇರಿದ ಜಂಗ್ ಸುನ್ ಮಿನ್ ಬಿಟ್ಟರೆ ಆ ಲೀಗ್‌ನಲ್ಲಿ ಆಡಿದ ಇನ್ನೊಬ್ಬ ಕೊರಿಯನ್ ಆಟಗಾರ್ತಿ ಅದುವರೆಗೆ ಇರಲಿಲ್ಲ. ಎರಡನೇ ಸುತ್ತಿನಲ್ಲಿ ಆಯ್ಕೆಯಾದ ಹೊಸಬರಿಗೆ ಆಗ ಸಿಗುತ್ತಿದ್ದ ಸಂಬಳ ವರ್ಷಕ್ಕೆ ಸುಮಾರು 40 ಸಾವಿರ ಡಾಲರ್. ಕೊರಿಯಾದಲ್ಲಿ ಕೆಲವೇ ವರ್ಷಗಳಲ್ಲಿ ಜಿ ಸು 30 ಕೋಟಿ ವಾನ್‌ನ ಗರಿಷ್ಠ ಸಂಬಳಕ್ಕೆ ತಲುಪಿದರು. ದುಡ್ಡಿಗಾಗಿ ಹೋದವರಲ್ಲ. ತನ್ನಷ್ಟೇ ಎತ್ತರದ, ತನಗಿಂತ ಬಲಶಾಲಿಗಳ ಎದುರು ನಿಂತು ಕಲಿಯಲು ಹೋದವರು. ಬೆಂಚಿನಲ್ಲಿ ಕೂರುವುದೂ ಆ ಕಲಿಕೆಯ ಭಾಗವೇ ಆಗಿತ್ತು.

ಕಲಿತದ್ದು ಏನೆಂದು ಜಕಾರ್ತದಲ್ಲೇ ಕಂಡಿತು. ಅಲ್ಲಿ ಉತ್ತರ ಮತ್ತು ದಕ್ಷಿಣ ಕೊರಿಯಾ ಸೇರಿ ಒಂದೇ ತಂಡವಾಗಿ ಆಡಿದವು. ಉತ್ತರದಿಂದ ಬಂದ ಮೂವರಲ್ಲಿ ರೋ ಸುಕ್ ಯಂಗ್ ಅದ್ಭುತವಾಗಿ ಆಡುತ್ತಿದ್ದರು. ಜಿ ಸು ಇನ್ನೂ ಅಮೆರಿಕದಲ್ಲಿದ್ದಾಗ ಗುಂಪಿನ ಹಂತದಲ್ಲಿ ಆ ತಂಡ ತೈವಾನ್‌ಗೆ ಹೆಚ್ಚುವರಿ ಅವಧಿಯಲ್ಲಿ 85-87ರಿಂದ ಸೋತಿತ್ತು (ಭಾರತವನ್ನು 104-54ರಿಂದ ಸೋಲಿಸಿದ್ದೂ ಅದೇ ಹಂತದಲ್ಲಿ). ಸೆಮಿಫೈನಲ್‌ನಲ್ಲಿ ಮತ್ತೆ ಅದೇ ತೈವಾನ್ ಎದುರಾಯಿತು; ಅಷ್ಟರಲ್ಲಿ ಜಿ ಸು ಬಂದಿದ್ದರು. ಫಲಿತಾಂಶ 89-66. ಫೈನಲ್‌ನಲ್ಲಿ ಚೀನಾ ಎದುರು 65-71ರ ಸೋಲು, ಬೆಳ್ಳಿ. ಉತ್ತರ ಕೊರಿಯಾದ ಫಾರ್ವರ್ಡ್ ಜೊತೆಗೆ ದಕ್ಷಿಣದ ಸೆಂಟರ್ ನಿಂತಾಗ ಇಬ್ಬರಿಗೂ ಉಸಿರಾಡಲು ಜಾಗ ಸಿಕ್ಕಿತು. ಜಿ ಸು ಪಕ್ಕದಲ್ಲಿ ಇನ್ನೊಬ್ಬ ಗಟ್ಟಿ ಆಟಗಾರ್ತಿ ಇದ್ದರೆ ಏನಾಗುತ್ತದೆ ಎಂಬುದನ್ನು ಕೊರಿಯಾ ಅಂದು ಕಣ್ಣಾರೆ ಕಂಡಿತು.

2018-19ರ ಋತು ಆಕೆಯದೇ. ವೂರಿ ಬ್ಯಾಂಕ್‌ನ ಸತತ ಆರು ವರ್ಷಗಳ ಆಳ್ವಿಕೆ ಕೊನೆಗೊಳಿಸಿ ಕೆಬಿ ಸ್ಟಾರ್ಸ್ ಮೊದಲ ಸಲ ಚಾಂಪಿಯನ್ ಆಯಿತು. ಫೈನಲ್‌ನಲ್ಲಿ ಸ್ಯಾಮ್‌ಸಂಗ್ ಲೈಫ್ ವಿರುದ್ಧ ಮೂರಕ್ಕೆ ಮೂರು ಗೆಲುವು. ಇಪ್ಪತ್ತು ವರ್ಷಕ್ಕೇ ಶ್ರೇಷ್ಠ ಆಟಗಾರ್ತಿ, ಅದೂ ಒಂದು ಮತವೂ ತಪ್ಪದೆ.

ಮುಂದಿನ ಜನವರಿಯಲ್ಲಿ, ಅಂದರೆ 2020ರಲ್ಲಿ, ಅದೇ ಜಿ ಸು ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಟಿಪ್ಪಣಿ ಬರೆದರು. ಪಂದ್ಯದ ವೇಳೆಯ ತಮ್ಮ ಮುಖಭಾವದ ಬಗ್ಗೆ ಅಪರಿಚಿತರು ಕಳಿಸುವ ಹೊಲಸು ಸಂದೇಶಗಳಿಂದ ನೊಂದಿರುವುದಾಗಿ, ಖಿನ್ನತೆಯ ಅಂಚಿಗೆ ಬಂದಿರುವುದಾಗಿ, ಆಟವನ್ನೇ ಬಿಡಬೇಕೆನಿಸಿದೆ ಎಂದು ತೋಡಿಕೊಂಡರು. ಇಪ್ಪತ್ತೊಂದು ವರ್ಷದವಳ ಈ ಕೂಗನ್ನು ಎರಡು ದಿನದ ಸುದ್ದಿಯಾಗಿ ಮುಗಿಸಲಾಯಿತು. ಆ ವರ್ಷ ಆಗಸ್ಟ್‌ನಲ್ಲಿ, ಒಬ್ಬ ವಾಲಿಬಾಲ್ ಆಟಗಾರ್ತಿಯ ಸಾವಿನ ಬಳಿಕ, ನೇವರ್ ಮುಂತಾದ ದೊಡ್ಡ ಸುದ್ದಿತಾಣಗಳು ಕ್ರೀಡಾಸುದ್ದಿಯ ಕೆಳಗಿನ ಪ್ರತಿಕ್ರಿಯೆಗಳನ್ನು ಮುಚ್ಚಿದವು. ಒಳ್ಳೆಯ ಕೆಲಸವೇ. ಆದರೆ ಒಂದು ಜೀವ ಹೋದಮೇಲೆ ಎಚ್ಚರಗೊಂಡರು. ನೇರ ಸಂದೇಶಗಳ ಬಾಗಿಲಂತೂ ತೆರೆದೇ ಇತ್ತು.

ಟಿಪ್ಪಣಿ ಬರೆದ ಮೂರು ವಾರಗಳೊಳಗೆ ಜಿ ಸು ಬೆಲ್‌ಗ್ರೇಡ್‌ನಲ್ಲಿದ್ದರು, ಒಲಿಂಪಿಕ್ಸ್ ಅರ್ಹತಾ ಟೂರ್ನಿಗಾಗಿ. ಸ್ಪೇನ್ ಎದುರು ಕೊರಿಯಾ 46-83ರಿಂದ ಸೋತಿತು. ಬ್ರಿಟನ್ ವಿರುದ್ಧ ಗೆಲ್ಲಲೇಬೇಕಿತ್ತು. ಗೆದ್ದಿತು, 82-79. ಆ ಪಂದ್ಯದಲ್ಲಿ ಕೋಚ್ ಬಳಸಿದ್ದು ಆರೇ ಆಟಗಾರ್ತಿಯರನ್ನು. ಮೂವರು ಒಂದು ಕ್ಷಣವೂ ಬೆಂಚಿಗೆ ಹೋಗದೆ ಪೂರ್ತಿ 40 ನಿಮಿಷ ಓಡಿದರು. ಮರುದಿನ ಚೀನಾ ವಿರುದ್ಧ ಕಾಲೇ ಏಳಲಿಲ್ಲ, 60-100. ಒಲಿಂಪಿಕ್ಸ್ ಟಿಕೆಟ್ ಹನ್ನೆರಡು ವರ್ಷಗಳ ನಂತರ ಸಿಕ್ಕಿತು ನಿಜ, ಆದರೆ ತಂಡ ಊರಿಗೆ ಮರಳುವಾಗ ಸಂಭ್ರಮಕ್ಕಿಂತ ಸಿಟ್ಟೇ ಹೆಚ್ಚಿತ್ತು. ಆಟಗಾರ್ತಿಯರನ್ನು ಹಿಂಡಿ ಹಾಕಿದರೆಂಬ ಟೀಕೆ ಎದ್ದಿತು. ಕೋಚ್ ಒಪ್ಪಂದ ಮುಂದುವರಿಯಲಿಲ್ಲ. ಒಬ್ಬ ಕೋಚ್ ಹೋದರೆ ಸಾಕು ಎಂಬಂತೆ ವಿಷಯ ಅಲ್ಲಿಗೇ ನಿಂತಿತು. ಬೆಂಚಿನಲ್ಲಿದ್ದ ಉಳಿದ ಆರು ಮಂದಿಯನ್ನು ನಂಬುವಷ್ಟು ತಯಾರಿ ಯಾಕಿರಲಿಲ್ಲ ಎಂಬ ಪ್ರಶ್ನೆ ಸಂಸ್ಥೆಯ ಬಾಗಿಲು ತಟ್ಟಲೇ ಇಲ್ಲ.

ನಂತರದ ಋತುವಿನ ಅಂಕಿ ಓದಿದರೆ ಮೆಚ್ಚುಗೆ ಮತ್ತು ಸಂಕಟ ಒಟ್ಟಿಗೇ ಬರುತ್ತವೆ. 2020-21ರಲ್ಲಿ ಜಿ ಸು ಪಂದ್ಯಕ್ಕೆ 22.3 ಅಂಕ, 15.2 ರೀಬೌಂಡ್ ಸರಾಸರಿ ತೆಗೆದರು. ಮೂವತ್ತಕ್ಕೆ ಮೂವತ್ತು ಪಂದ್ಯಗಳಲ್ಲೂ ಅಂಕ ಮತ್ತು ರೀಬೌಂಡ್ ಎರಡರಲ್ಲೂ ಎರಡಂಕಿ ಮುಟ್ಟಿದರು. ಒಂದು ದಿನವೂ ತಪ್ಪಲಿಲ್ಲ. ಪ್ರಶಸ್ತಿಗಳನ್ನು ಬಾಚಿಕೊಂಡರು. ಆದರೂ ಫೈನಲ್‌ನಲ್ಲಿ ಗೆದ್ದದ್ದು ಲೀಗ್ ಹಂತದಲ್ಲಿ 14 ಗೆದ್ದು 16 ಸೋತು ನಾಲ್ಕನೇ ಸ್ಥಾನದಲ್ಲಿದ್ದ ಸ್ಯಾಮ್‌ಸಂಗ್ ಲೈಫ್. ಒಂಟೆತ್ತಿನಿಂದ ಉಳುಮೆ ಮಾಡಿಸಿದರೆ ಹೊಲ ಎಷ್ಟು ದೂರ ಸಾಗುತ್ತದೆ ಎಂಬುದನ್ನು ಆ ಐದು ಪಂದ್ಯಗಳು ತೋರಿಸಿದವು.

ಆ ಬೇಸಿಗೆಯಲ್ಲಿ ಟೋಕಿಯೊ. ಕೊರಿಯಾದ ತಂಡಕ್ಕೆ ಜಿಯಾನ್ ಜೂ ವಾನ್ ಎಂಬ ಮಹಿಳಾ ಕೋಚ್ ಬಂದಿದ್ದರು. ವಿಶ್ವದ ಮುಂಚೂಣಿ ತಂಡಗಳಲ್ಲೊಂದಾದ ಸ್ಪೇನ್ ಎದುರು, ಬೆಲ್‌ಗ್ರೇಡ್‌ನಲ್ಲಿ 37 ಅಂಕಗಳಿಂದ ಸೋತಿದ್ದ ಕೊರಿಯಾ ಈ ಸಲ ಸೋತದ್ದು ನಾಲ್ಕೇ ಅಂಕಗಳಿಂದ, 69-73. ಕಾಂಗ್ ಈ ಸುಲ್ 26 ಅಂಕ ಹೊಡೆದರು, ಜಿ ಸು 17 ಅಂಕ, 10 ರೀಬೌಂಡ್. ಸರ್ಬಿಯಾ ಎದುರು 61-65. ಮೂರೂ ಪಂದ್ಯ ಸೋತು ಹಿಂದಿರುಗಿದರೂ ಆ ಎರಡು ಪಂದ್ಯಗಳಲ್ಲಿ ಹಳೆಯ ಕೊರಿಯಾದ ಮಿಂಚು ಇತ್ತು. ತಯಾರಿಗೆ ಸಮಯ ಕೊಟ್ಟು, ಭಾರ ಹಂಚಿದರೆ ಈ ತಂಡ ಯಾರ ಎದುರೂ ನಿಲ್ಲಬಲ್ಲದು. ಅದಾದಮೇಲೂ ಜಿ ಸು ವಿಶ್ರಾಂತಿ ಪಡೆಯಲಿಲ್ಲ. ಕಾಂಗ್ ಈ ಸುಲ್ ಕೆಬಿ ಸ್ಟಾರ್ಸ್ ಸೇರಿದ 2021-22ರಲ್ಲಿ ತಂಡ ಮತ್ತೆ ಚಾಂಪಿಯನ್ ಆಯಿತು.

ಮೂರು ತಿಂಗಳ ನಂತರ, 2022ರ ಬೇಸಿಗೆಯಲ್ಲಿ, ಜಿ ಸು ಅವರಿಗೆ ಉಸಿರು ಸಿಗದಂತಾಯಿತು. ವೈದ್ಯರು ಪ್ಯಾನಿಕ್ ಡಿಸಾರ್ಡರ್ ಎಂದು ಗುರುತಿಸಿದರು. ಆಗಸ್ಟ್ ಆರಂಭದಲ್ಲಿ ತಂಡ ಅದನ್ನು ಬಹಿರಂಗವಾಗಿ ಹೇಳಿತು; ರಾಷ್ಟ್ರೀಯ ಶಿಬಿರದಿಂದ ಹೊರಬಂದ ಜಿ ಸು ಸಿಡ್ನಿಯ ವಿಶ್ವಕಪ್‌ಗೆ ಹೋಗಲಿಲ್ಲ.

ಈ ಇಡೀ ವೃತ್ತಿಜೀವನದಲ್ಲಿ ಹಿರಿಯರು ತೆಗೆದುಕೊಂಡ ಅತ್ಯಂತ ಸರಿಯಾದ ನಿರ್ಧಾರ ಯಾವುದು ಎಂದರೆ ಇದೇ. ರೋಗದ ಹೆಸರನ್ನು ಮುಚ್ಚಿಡಲಿಲ್ಲ, ಮೊಣಕಾಲು ನೋವೆಂದು ಸಬೂಬು ಹೇಳಲಿಲ್ಲ. ಹಿಂದಿನ ವರ್ಷವಷ್ಟೇ ಟೋಕಿಯೊದಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಮನಸ್ಸಿನ ಆರೋಗ್ಯಕ್ಕಾಗಿ ಸ್ಪರ್ಧೆಯಿಂದ ಹಿಂದೆ ಸರಿದಾಗ ಲೋಕ ಎರಡು ಹೋಳಾಗಿತ್ತು. ಕೊರಿಯಾದಂಥ ಸಮಾಜದಲ್ಲಿ, ಅದೂ ದೇಶದ ಜೆರ್ಸಿ ಎಂದರೆ ಕರ್ತವ್ಯ ಎಂದು ಬೆಳೆಸಿದ ಕ್ರೀಡಾಲೋಕದಲ್ಲಿ, ಮನಸ್ಸಿಗೆ ಹುಷಾರಿಲ್ಲ ಎಂದು ತಂಡದಿಂದ ಹೊರಗುಳಿಯುವುದು ಸುಲಭದ ಮಾತಲ್ಲ. ಆ ಧೈರ್ಯ ಆಕೆ ಪಡೆದ ಯಾವ ಪ್ರಶಸ್ತಿಗಿಂತಲೂ ಕಡಿಮೆಯದಲ್ಲ.

ಸಿಡ್ನಿಯಲ್ಲಿ ಏನಾಯಿತು ಎಂಬುದನ್ನೂ ಗಮನಿಸಬೇಕು. ಜಿ ಸು ಇಲ್ಲದ ಕೊರಿಯಾ ಬೋಸ್ನಿಯಾ ಹರ್ಜೆಗೋವಿನಾವನ್ನು 99-66ರಿಂದ ಸೋಲಿಸಿತು. ಕಾಂಗ್ ಈ ಸುಲ್ ಒಬ್ಬರೇ 37 ಅಂಕ ಗಳಿಸಿದರು. 2010ರ ನಂತರ ವಿಶ್ವಕಪ್‌ನಲ್ಲಿ ಕೊರಿಯಾಕ್ಕೆ ಸಿಕ್ಕ ಮೊದಲ ಗೆಲುವು ಅದು. ಆಕೆ ಇಲ್ಲದೆ ಗೆದ್ದರು ಎಂದು ಇದನ್ನು ಜಿ ಸು ವಿರುದ್ಧ ಎತ್ತಿ ಆಡಿದವರಿದ್ದರೆ ಅವರಿಗೆ ಆಟವೇ ಅರ್ಥವಾಗಿಲ್ಲ. ಚೆಂಡನ್ನು ಒಳಗೆ ಕೊಟ್ಟು ಕೈಕಟ್ಟಿ ನಿಲ್ಲುವ ಅಭ್ಯಾಸ ತಪ್ಪಿದಾಗ ಉಳಿದವರು ತಮ್ಮ ಕಾಲಿನ ಮೇಲೆ ನಿಂತರು. ಬದಲಾಗಬೇಕಿದ್ದದ್ದು ಆ ಅಭ್ಯಾಸ.

ಡಿಸೆಂಬರ್ ಮಧ್ಯದಲ್ಲಿ ಜಿ ಸು ಕೆಲವೇ ನಿಮಿಷಗಳ ಆಟಕ್ಕಾಗಿ ಅಂಕಣಕ್ಕೆ ಮರಳಿದರು. ಫೆಬ್ರುವರಿಯಲ್ಲಿ ಬೆರಳಿಗೆ ಪೆಟ್ಟಾಗಿ ಋತುವೇ ಮುಗಿಯಿತು. ಹಿಂದಿನ ವರ್ಷದ ಚಾಂಪಿಯನ್ ಕೆಬಿ ಸ್ಟಾರ್ಸ್ ಆರು ತಂಡಗಳಲ್ಲಿ ಐದನೆಯದಾಗಿ ಕುಸಿಯಿತು. ಒಬ್ಬರ ಗೈರುಹಾಜರಿಯಲ್ಲಿ ಕಿರೀಟದಿಂದ ಐದನೇ ಸ್ಥಾನಕ್ಕೆ ಬೀಳುವ ತಂಡ ತನ್ನ ಕಟ್ಟಡದ ಬಗ್ಗೆ ಯೋಚಿಸಬೇಕಿತ್ತು. ರಾಷ್ಟ್ರೀಯ ತಂಡದ ಕಥೆಯೂ ಬೇರೆಯಲ್ಲ. 2023ರ ಏಷ್ಯಾ ಕಪ್‌ನಲ್ಲಿ ಕೊರಿಯಾ ಐದನೇ ಸ್ಥಾನ ಪಡೆದು, ಆ ಸ್ಪರ್ಧೆಯ ಇತಿಹಾಸದಲ್ಲೇ ಮೊದಲ ಬಾರಿ ಕೊನೆಯ ನಾಲ್ಕರಿಂದ ಹೊರಬಿದ್ದಿತು. ಪ್ಯಾರಿಸ್ ಒಲಿಂಪಿಕ್ಸ್ ಕನಸು ಅಲ್ಲಿಗೇ ಮುಗಿಯಿತು. ಆ ಶರತ್ಕಾಲದಲ್ಲಿ ಹಾಂಗ್‌ಜೌ ಏಷ್ಯನ್ ಗೇಮ್ಸ್‌ನ ಕಂಚಿನ ಪಂದ್ಯ. ಎದುರಿಗೆ ಐದು ವರ್ಷಗಳ ಹಿಂದೆ ಒಂದೇ ತಂಡವಾಗಿದ್ದ ಉತ್ತರ ಕೊರಿಯಾ, ಅವರ ಬುಟ್ಟಿ ಕಾಯಲು 205 ಸೆಂಟಿಮೀಟರ್ ಎತ್ತರದ ಪಾಕ್ ಜಿನ್ ಆ. ಜಿ ಸು 25 ಅಂಕ, 10 ರೀಬೌಂಡ್ ಗಳಿಸಿದರು, 93-63.

ಮತ್ತೆ ಕೆಬಿ ಸ್ಟಾರ್ಸ್. 2023-24ರಲ್ಲಿ ತಂಡ 30ರಲ್ಲಿ 27 ಪಂದ್ಯ ಗೆದ್ದಿತು, ತವರಿನಲ್ಲಿ ಒಂದನ್ನೂ ಸೋಲಲಿಲ್ಲ. ಜಿ ಸು 20.3 ಅಂಕ, 15.2 ರೀಬೌಂಡ್ ಸರಾಸರಿಯೊಂದಿಗೆ ಎಂಟು ಪ್ರಶಸ್ತಿ ಪಡೆದರು. ಫೈನಲ್‌ನಲ್ಲಿ ವೂರಿ ಬ್ಯಾಂಕ್ 3-1ರಿಂದ ಗೆದ್ದಿತು. ಮೂರು ವರ್ಷದ ಹಿಂದಿನ ಕಥೆಯೇ ಮರುಕಳಿಸಿತ್ತು: ಆರು ತಿಂಗಳು ಒಬ್ಬರನ್ನೇ ಆತುಕೊಂಡ ತಂಡವನ್ನು ಆ ಒಬ್ಬರನ್ನು ದಣಿಸಿ ಸೋಲಿಸಬಹುದು.

ಆಗ ಜಿ ಸು ಟರ್ಕಿಯ ಗಲಾಟಸರಾಯ್‌ಗೆ ಹೋದರು, ಕೆಬಿ ಸ್ಟಾರ್ಸ್ ದಾರಿ ಬಿಟ್ಟುಕೊಟ್ಟಿತು. ಇದನ್ನು ಊರು ಬಿಟ್ಟು ಓಡಿದ್ದು ಎಂದು ನೋಡುವುದು ತಪ್ಪು. ಇಸ್ತಾಂಬುಲ್‌ನಲ್ಲಿ ಆಕೆ ಹಲವರಲ್ಲಿ ಒಬ್ಬರು. ಅಲ್ಲಿ ಸೋತರೆ ಇಡೀ ಸೋಲು ಆಕೆಯ ತಲೆಗೆ ಬರುವುದಿಲ್ಲ. ಇತ್ತ ಕೊರಿಯಾದಲ್ಲಿ ಎಲ್ಲರೂ ಕೆಬಿ ಸ್ಟಾರ್ಸ್ ಕಥೆ ಮುಗಿಯಿತೆಂದುಕೊಂಡರು. ಹಾಗಾಗಲಿಲ್ಲ. ಪುಟ್ಟ ಮೈಕಟ್ಟಿನ ಗಾರ್ಡ್ ಹೊ ಯೆ ಉನ್ ತಂಡದ ಚುಕ್ಕಾಣಿ ಹಿಡಿದರು, ಜಪಾನ್‌ನಿಂದ ಬಂದ ನಗಾತಾ ಮೋಎ ಜೊತೆಯಾದರು. ನಾಲ್ಕನೆಯದಾಗಿ ಪ್ಲೇಆಫ್ ತಲುಪಿ, ಅಗ್ರಸ್ಥಾನದ ವೂರಿ ಬ್ಯಾಂಕ್ ವಿರುದ್ಧ ಐದನೇ ಪಂದ್ಯದವರೆಗೂ ಜಗ್ಗಾಡಿ ಸೋತಿತು. ಜಿ ಸು ಇದ್ದಾಗ ಅವರ ನೆರಳಿನಲ್ಲಿ ಕಾಣದೇ ಹೋಗಿದ್ದ ಆಟ ಅದು. 2025ರಲ್ಲಿ ಜಿ ಸು ಮರಳಿದ್ದು ಈ ಬೆಳೆದ ತಂಡಕ್ಕೆ.

ರಾಷ್ಟ್ರೀಯ ತಂಡ ಮಾತ್ರ ಇನ್ನೂ ಹಳೆಯ ದಾರಿಯಲ್ಲೇ ಇದೆ. 2025ರ ಜುಲೈನಲ್ಲಿ ಶೆನ್‌ಜೆನ್‌ನ ಏಷ್ಯಾ ಕಪ್‌ನಲ್ಲಿ ಕೊರಿಯಾ ನಾಲ್ಕನೇ ಸ್ಥಾನಕ್ಕೆ ಬಂತು, ಬೆಂಗಳೂರಿನಲ್ಲಿ ಎಂಟು ವರ್ಷಗಳ ಹಿಂದೆ ನಿಂತಿದ್ದ ಅದೇ ಸ್ಥಾನ. ಇನ್ನು 2026ರ ಸೆಪ್ಟೆಂಬರ್ ತೆಗೆದು ನೋಡಿ. 4ರಿಂದ 13ರವರೆಗೆ ಬರ್ಲಿನ್‌ನಲ್ಲಿ ವಿಶ್ವಕಪ್. 19ರಿಂದ ಜಪಾನ್‌ನ ನಗೋಯಾದಲ್ಲಿ ಏಷ್ಯನ್ ಗೇಮ್ಸ್. ಅದು ಮುಗಿಯುವ ಹೊತ್ತಿಗೆ ಕೊರಿಯಾ ಲೀಗ್‌ನ ಹೊಸ ಋತುವಿನ ತಯಾರಿ. 2018ರಲ್ಲಿ ಇದ್ದಂಥದೇ ಪಟ್ಟಿ. ಆಗ ಹತ್ತೊಂಬತ್ತರ ಪ್ರಾಯ, ಈ ಸಲ ಇಪ್ಪತ್ತೇಳು. ನಡುವೆ ಒಂದು ಕಾಯಿಲೆ, ಹಲವು ಗಾಯಗಳು. 2014ರಲ್ಲಿ ಕೊರಿಯಾ ಎರಡು ತಂಡ ಕಟ್ಟಿ ಎರಡು ಕಡೆ ಕಳಿಸಿತ್ತು, ಆಕಾಶವೇನೂ ಕಳಚಿ ಬೀಳಲಿಲ್ಲ. ಚಿನ್ನವೂ ಬಂತು, ಜಿ ಸು ಎಂಬ ಆಟಗಾರ್ತಿಯೂ ಸಿಕ್ಕಳು. ಇಂಥ ಪಟ್ಟಿ ಎದುರಾದಾಗಲೆಲ್ಲ ಬಾಸ್ಕೆಟ್‌ಬಾಲ್ ಸಂಸ್ಥೆ ಅದನ್ನೇ ಮಾಡಬೇಕು: ಒಂದು ಸ್ಪರ್ಧೆಗೆ ಮಾತ್ರ ಜಿ ಸು, ಇನ್ನೊಂದಕ್ಕೆ ಹೈಸ್ಕೂಲಿನಿಂದ ಈಗಷ್ಟೇ ಹೊರಬಂದ ಹುಡುಗಿಯರು. ಆ ನಿರ್ಧಾರವನ್ನು ಶಿಬಿರ ಶುರುವಾಗುವ ಮುಂಚೆಯೇ ಬಹಿರಂಗವಾಗಿ ಪ್ರಕಟಿಸಬೇಕು. ಬರುವುದಿಲ್ಲ ಎಂದು ಹೇಳುವ ಹೊಣೆ ಮತ್ತೊಮ್ಮೆ ಆಕೆಯ ಮೇಲೆ ಬೀಳಬಾರದು.